ಸೈಕಾಲಜಿ ಪದವಿ: ಕಾಸರಗೋಡಿನ ಕನ್ನಡ ವಿದ್ಯಾರ್ಥಿಯ ಮುಂದಿರುವ ದಾರಿಗಳ ಹೋಲಿಕೆ

ಪ್ಲಸ್ ಟು ಫಲಿತಾಂಶ ಬಂದ ವಾರದಲ್ಲಿ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಹೆತ್ತವರಿಂದ ಬರುವ ಫೋನುಗಳಲ್ಲಿ ಈಗೀಗ ಸೈಕಾಲಜಿಯ ಪ್ರಶ್ನೆ ತಪ್ಪುವುದಿಲ್ಲ. ಮಗಳಿಗೆ ಅಪ್ಲೈಡ್ ಸೈಕಾಲಜಿ, ಅಂದರೆ ಬಳಕೆಯ ಮನಃಶಾಸ್ತ್ರ, ಬೇಕಂತೆ, ಕಣ್ಣೂರಿನ ಕಡೆಗೆ ಕಳುಹಿಸುವುದೋ ಮಂಗಳೂರಿಗೆ ಸೇರಿಸುವುದೋ, ಮುಂದೆ ಕೆಲಸ ಸಿಗುತ್ತದೆಯೋ ಎಂದು ಅವರು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಶಾಲೆಗಳಲ್ಲಿ ಆಪ್ತಸಮಾಲೋಚಕಿಯಾಗಿ ದುಡಿಯುವ ನನಗೆ ಈ ಪ್ರಶ್ನೆಗಳನ್ನು ಹಿಂದುಮುಂದಾಗಿ ಉತ್ತರಿಸುವುದೇ ಸರಿ ಎನಿಸುತ್ತದೆ. ಯಾವ ಕೆಲಸ ಬೇಕೆಂಬುದು ಮೊದಲು ಸ್ಪಷ್ಟವಾದರೆ ಆ ಕೆಲಸಕ್ಕೆ ಕಾನೂನು ಕೇಳುವ ಓದು ಯಾವುದೆಂದು ತಿಳಿಯುತ್ತದೆ, ಆ ಓದಿಗೆ ಪ್ರವೇಶ ಕೊಡುವ ಪದವಿ ಯಾವುದೆಂದು ಆಗ ನೋಡಬಹುದು. ಕಾಲೇಜಿನ ಹೆಸರು ಬರುವುದು ಕೊನೆಗೆ.

ಮೊದಲು ಒಂದು ಕಹಿ ಮಾತನ್ನು ಹೇಳಿಬಿಡಬೇಕು. ಮೂರು ವರ್ಷದ ಬಿ.ಎ. ಆಗಲಿ, ಬಿ.ಎಸ್ಸಿ. ಆಗಲಿ, ಹೆಸರಿನಲ್ಲಿ ‘ಅಪ್ಲೈಡ್’ ಇರಲಿ ಇಲ್ಲದಿರಲಿ, ಆ ಪದವಿಯೊಂದನ್ನೇ ಹಿಡಿದುಕೊಂಡು ಮನೋರೋಗಿಗಳಿಗೆ ಚಿಕಿತ್ಸೆ ಕೊಡಲು ಯಾರಿಗೂ ಅಧಿಕಾರವಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಸಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಎನ್ನುವ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿರಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡದ ಮೊತ್ತ ಇಂದು ನಗೆ ಬರಿಸುವಂತಿದೆಯೆಂಬುದು ನಿಜ, ಆದರೆ ಆಸ್ಪತ್ರೆಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ನೋಡುವುದು ಆ ನೋಂದಣಿ ಸಂಖ್ಯೆಯನ್ನೇ. ಸೈಕಿಯಾಟ್ರಿಸ್ಟ್ ಆಗುವ ದಾರಿ ಇದಕ್ಕಿಂತ ಪೂರ್ತಿ ಬೇರೆ: ಅದು ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಮಾತ್ರ ತೆರೆದಿರುವುದು, ಔಷಧಿ ಚೀಟಿ ಬರೆಯುವವರು ಅವರೇ. ಎಷ್ಟೋ ಮಂದಿ ಹೆತ್ತವರು ಈ ಎರಡನ್ನು ಒಂದೇ ಎಂದುಕೊಂಡು ಮಕ್ಕಳನ್ನು ಸೇರಿಸಿದ್ದನ್ನು ಕಂಡಿರುವುದರಿಂದ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಈ ಏಣಿಯ ಮೇಲಿನ ಮೆಟ್ಟಿಲು ಈಚೆಗೆ ಬದಲಾಗಿದೆ. ಇದೇ ದಾರಿಯಲ್ಲಿ ಮೊದಲೇ ಹೋದ ಅಕ್ಕಂದಿರು, ಅಣ್ಣಂದಿರು ಕೊಡುವ ಸಲಹೆ ಹಳೆಯದಾಗಿರುವುದು ಇಲ್ಲಿಯೇ. ಎಂ.ಎ. ಅಥವಾ ಎಂ.ಎಸ್ಸಿ. ಆದಮೇಲೆ ಎರಡು ವರ್ಷದ ಎಂ.ಫಿಲ್. ಮಾಡಿ ಆರ್‌ಸಿಐಗೆ ಸೇರುವುದು ದಶಕಗಳ ಕಾಲ ನಡೆದುಬಂದ ಕ್ರಮ. ರಾಷ್ಟ್ರೀಯ ಶಿಕ್ಷಣ ನೀತಿ 2020 ಎಂ.ಫಿಲ್. ಅನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವಿನಾಯಿತಿ ಕೊಟ್ಟು 2025-26ರ ಸಾಲಿನ ಪ್ರವೇಶದವರೆಗೆ ಮಾನ್ಯತೆಯನ್ನು ವಿಸ್ತರಿಸಿತ್ತು. ಈಗ ಪದವಿಗೆ ಸೇರುವ ವಿದ್ಯಾರ್ಥಿ ಅಲ್ಲಿಗೆ ತಲುಪುವ ಹೊತ್ತಿಗೆ ಆರ್‌ಸಿಐ ಅಂಗೀಕರಿಸಿದ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಸೈಕಾಲಜಿಯ ಡಾಕ್ಟರೇಟ್) ಮೊದಲಾದ ಕೋರ್ಸುಗಳ ಲೆಕ್ಕವೇ ನಡೆಯುವಂಥದ್ದು. ಪ್ಲಸ್ ಟು ಆದ ಕೂಡಲೇ ಸೇರಬಹುದಾದ ನಾಲ್ಕು ವರ್ಷದ ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ ಆನರ್ಸ್ ಎಂಬ ಕೋರ್ಸನ್ನೂ ಆರ್‌ಸಿಐ 2024-25ರಿಂದ ಆರಂಭಿಸಿದೆ. ಚಿಕಿತ್ಸೆಯ ಕಡೆಗೇ ಹೋಗುವುದೆಂದು ಹದಿನೆಂಟರಲ್ಲೇ ಗಟ್ಟಿಯಾಗಿ ತೀರ್ಮಾನಿಸಿದವರಿಗೆ ಅದು ನೇರ ದಾರಿ. ಆದರೆ ಕಾಲೇಜಿಗೆ ಆ ವರ್ಷದ ಆರ್‌ಸಿಐ ಮಾನ್ಯತೆ ಇರುವುದನ್ನು ಪರಿಷತ್ತಿನ ಪಟ್ಟಿಯಲ್ಲೇ ಕಣ್ಣಾರೆ ನೋಡಿಕೊಳ್ಳದೆ ಶುಲ್ಕ ಕಟ್ಟಬಾರದು.

ಈಗ ‘ಅಪ್ಲೈಡ್’ ಎಂಬ ವಿಶೇಷಣದ ವಿಚಾರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂದು ವಿವರಿಸುವಲ್ಲಿ ಸ್ನಾತಕೋತ್ತರ ಪದವಿಯ ಹೆಸರುಗಳಾಗಿ ಸೈಕಾಲಜಿ, ಕ್ಲಿನಿಕಲ್ ಸೈಕಾಲಜಿ, ಅಪ್ಲೈಡ್ ಸೈಕಾಲಜಿ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ, ಆಮೇಲಿನ ಎರಡು ವರ್ಷದ ಮೇಲ್ವಿಚಾರಣೆಯ ತರಬೇತಿಯನ್ನು ಮೂವರಿಗೂ ಸಮಾನವಾಗಿ ವಿಧಿಸಿದೆ. ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ಹೆಸರಿನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ವ್ಯತ್ಯಾಸವಿರುವುದು ಪಠ್ಯದಲ್ಲಿ. ಡೆಲ್ಲಿ ವಿಶ್ವವಿದ್ಯಾಲಯದಂಥ ಕಡೆ ಬಿ.ಎ. ಆನರ್ಸ್ ಸೈಕಾಲಜಿ ಮತ್ತು ಬಿ.ಎ. ಆನರ್ಸ್ ಅಪ್ಲೈಡ್ ಸೈಕಾಲಜಿ ಎರಡೂ ಬೇರೆಬೇರೆಯಾಗಿ ಇವೆ. ಸಾಮಾನ್ಯವಾಗಿ ಅಪ್ಲೈಡ್ ಎಂದು ಹೆಸರಿರುವ ಪದವಿಯಲ್ಲಿ ಕಾರ್ಖಾನೆ ಕಚೇರಿಗಳ ಮನಃಶಾಸ್ತ್ರ, ಆಪ್ತಸಮಾಲೋಚನೆ, ಶಾಲೆ, ಅಪರಾಧ, ಸಮುದಾಯ, ಕ್ರೀಡೆ ಇತ್ಯಾದಿ ಬಳಕೆಯ ಕ್ಷೇತ್ರಗಳಿಗೆ ಹೆಚ್ಚು ಪತ್ರಿಕೆಗಳಿರುತ್ತವೆ. ಸಾದಾ ಸೈಕಾಲಜಿಯಲ್ಲಿ ಪ್ರಯೋಗ, ಮೆದುಳು ಮತ್ತು ನರಮಂಡಲ, ಸ್ಟ್ಯಾಟಿಸ್ಟಿಕ್ಸ್, ಸಿದ್ಧಾಂತಗಳಿಗೆ ಹೆಚ್ಚು ಸಮಯ ಸಿಗುತ್ತದೆ.

ನನ್ನ ಒಲವನ್ನು ಮುಚ್ಚಿಡುವುದಿಲ್ಲ. ಮುಂದೆ ಆಸ್ಪತ್ರೆಯ ಕಡೆಗೋ ಸಂಶೋಧನೆಯ ಕಡೆಗೋ ಹೋಗುವವರಿಗೆ ಶರೀರಶಾಸ್ತ್ರ ಮತ್ತು ಸ್ಟ್ಯಾಟಿಸ್ಟಿಕ್ಸ್ ಜೊತೆಗಿರುವ ಸಾದಾ ಬಿ.ಎಸ್ಸಿ.ಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಳಕೆಯನ್ನು ಎಂ.ಎಸ್ಸಿ.ಯಲ್ಲಿ ಕಲಿಯಬಹುದು, ಬುನಾದಿಯನ್ನು ಆಮೇಲೆ ಹಾಕಲು ಬಹಳ ಕಷ್ಟವಾಗುತ್ತದೆ. ಪದವಿ ಮುಗಿದ ಕೂಡಲೇ ಕಂಪನಿಗಳ ಎಚ್.ಆರ್. ವಿಭಾಗಕ್ಕೋ ಸ್ವಯಂಸೇವಾ ಸಂಸ್ಥೆಗಳಿಗೋ ಸೇರುವ ಆಲೋಚನೆ ಇರುವವರಿಗೆ ಅಪ್ಲೈಡ್ ಪದವಿ ಹೊಂದುತ್ತದೆ. ಆದರೆ ಅದಕ್ಕೊಂದು ಷರತ್ತು ಇದೆ: ಕಾಲೇಜು ವಿದ್ಯಾರ್ಥಿಗಳನ್ನು ಹೊರಗಿನ ಕೆಲಸದ ಜಾಗಗಳಿಗೆ ವಾರಗಟ್ಟಲೆ ಕಳುಹಿಸುತ್ತಿರಬೇಕು. ತರಗತಿಯ ನಾಲ್ಕು ಗೋಡೆಯೊಳಗೆ ನೋಟ್ಸ್ ಬರೆಸಿ ಮುಗಿಸುವ ಅಪ್ಲೈಡ್ ಸೈಕಾಲಜಿ ಎಂದರೆ ದಡದಲ್ಲಿ ಕೂತು ಈಜು ಕಲಿತ ಹಾಗೆ.

ಇನ್ನು ಯಾವ ರಾಜ್ಯ ಎಂಬ ಪ್ರಶ್ನೆ. ನಮ್ಮ ಜಿಲ್ಲೆಯವರಿಗೆ ಇದು ಊರು ಬಿಡುವ ಪ್ರಶ್ನೆ ಮಾತ್ರವಲ್ಲ, ಪದವಿಯ ಅವಧಿಯ ಪ್ರಶ್ನೆಯೂ ಆಗಿದೆ, ಏಕೆಂದರೆ ರಾಜ್ಯದ ಗಡಿಯಾದ ತಲಪಾಡಿಯ ಆಚೆ ಈಚೆ ಎರಡು ಬೇರೆ ಲೆಕ್ಕಗಳು ನಡೆಯುತ್ತಿವೆ. ಕೇರಳದ ವಿಶ್ವವಿದ್ಯಾಲಯಗಳು 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಪದ್ಧತಿಗೆ ಬಂದಿವೆ, ಕಣ್ಣೂರು ವಿಶ್ವವಿದ್ಯಾಲಯವೂ ಅದರಲ್ಲಿದೆ. ಮೂರು ವರ್ಷದಲ್ಲಿ 133 ಕ್ರೆಡಿಟ್ (ಓದಿನ ಪ್ರಮಾಣವನ್ನು ಎಣಿಸುವ ಅಂಕ) ಗಳಿಸಿ ಪದವಿ ಪಡೆದು ಹೊರಬರಬಹುದು, ಇನ್ನೊಂದು ವರ್ಷ ಉಳಿದು 177 ಕ್ರೆಡಿಟ್ ಪೂರೈಸಿದರೆ ಆನರ್ಸ್ ಸಿಗುತ್ತದೆ. ಕರ್ನಾಟಕವು ಇದಕ್ಕೆ ತೀರಾ ವಿರುದ್ಧವಾದ ದಿಕ್ಕಿನಲ್ಲಿ ಹೋಗಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ನಾಲ್ಕು ವರ್ಷದ ಆನರ್ಸ್ ಅನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಇಪ್ಪತ್ತು ಮೂವತ್ತು ಕಿಲೋಮೀಟರಿನ ಅಂತರದಲ್ಲಿ ಒಂದೇ ವಿಷಯಕ್ಕೆ ಎರಡು ಅಳತೆಗೋಲು ಬಂದದ್ದು ಹೀಗೆ.

ಮೇಲ್ನೋಟಕ್ಕೆ ಕರ್ನಾಟಕದಲ್ಲಿ ಒಂದು ವರ್ಷ ಉಳಿಯುವಂತೆ ಕಾಣುತ್ತದೆ. ಕೂಡಿ ನೋಡಿದರೆ ಹಾಗಿಲ್ಲ. ಮೂರು ವರ್ಷದ ಪದವಿಯವರಿಗೆ ಎರಡು ವರ್ಷದ ಎಂ.ಎಸ್ಸಿ. ಬೇಕು, ನಾಲ್ಕು ವರ್ಷ ಮುಗಿಸಿದವರಿಗೆ ಯುಜಿಸಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಅವಕಾಶ ಮಾಡಿಕೊಟ್ಟಿದೆ. ಎರಡೂ ಕಡೆ ಒಟ್ಟು ಐದೇ ವರ್ಷ. ಆದರೂ ನಾಲ್ಕನೆಯ ವರ್ಷಕ್ಕೆ ಕಾಲಿಡುವ ಮುನ್ನ ಒಂದನ್ನು ತೂಗಿ ನೋಡಬೇಕು. ಒಂದು ವರ್ಷದ ಎಂ.ಎಸ್ಸಿ. ಸೀಟುಗಳು ಇನ್ನೂ ಹೊಸವು, ಹಳೆಯ ಎರಡು ವರ್ಷದ ಕೋರ್ಸಿಗೇ ಸೇರಬೇಕಾಗಿ ಬಂದರೆ ಒಟ್ಟು ಆರು ವರ್ಷವಾಗುತ್ತದೆ. ಆಮೇಲಿನ ಕ್ಲಿನಿಕಲ್ ತರಬೇತಿಯ ವರ್ಷಗಳು ಈ ಲೆಕ್ಕದ ಹೊರಗಿವೆ. ಅಮೆರಿಕದ ಕಡೆ ಎಂ.ಎಸ್. ಮಾಡುವ ಆಸೆಯಿದ್ದವರಿಗೆ ಮಾತ್ರ ನಾಲ್ಕು ವರ್ಷದ ಪದವಿ ನಿಸ್ಸಂಶಯವಾಗಿ ಅನುಕೂಲ, ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳು ಹದಿನಾರು ವರ್ಷದ ಓದನ್ನು ಎಣಿಸುತ್ತವೆ.

ವರ್ಷಗಳಿಗಿಂತ ದೊಡ್ಡ ವ್ಯತ್ಯಾಸ ವಿಷಯಗಳ ಹಂಚಿಕೆಯಲ್ಲಿದೆ. ಕಣ್ಣೂರಿನ ಪದ್ಧತಿಯಲ್ಲಿ ಸೈಕಾಲಜಿ ಒಂದೇ ಮೇಜರ್ (ಮುಖ್ಯ ವಿಷಯ) ಆಗಿದ್ದು ಉಳಿದವು ಮೈನರ್ (ಉಪವಿಷಯ) ಆಗಿ ಜೊತೆಗಿರುತ್ತವೆ, ಇಂಟರ್ನ್‌ಶಿಪ್ ಕೂಡ ಕ್ರೆಡಿಟ್ಟಿನೊಳಗೇ ಬರುತ್ತದೆ. ಮಂಗಳೂರಿನ ಕಡೆಯ ಬಿ.ಎ.ಯಲ್ಲಿ ಸೈಕಾಲಜಿ ಸಾಮಾನ್ಯವಾಗಿ ಪತ್ರಿಕೋದ್ಯಮ, ಸಮಾಜಶಾಸ್ತ್ರ, ಇಂಗ್ಲಿಷ್, ಅರ್ಥಶಾಸ್ತ್ರಗಳಂಥ ಬೇರೆ ಎರಡು ವಿಷಯಗಳ ಪಕ್ಕದಲ್ಲಿ ಸಮಪಾಲು ಪಡೆದು ಕೂರುತ್ತದೆ. ಹದಿನೆಂಟರ ಹುಡುಗ ಹುಡುಗಿಗೆ ಸೈಕಾಲಜಿಯೇ ಜೀವನವೆಂದು ಖಚಿತವಿಲ್ಲದಿದ್ದರೆ ಮೂರು ಕಾಲಿನ ಈ ಮಣೆ ಒಳ್ಳೆಯದು. ಪತ್ರಿಕೋದ್ಯಮಕ್ಕೂ ಹೋಗಬಹುದು, ಸಮಾಜಕಾರ್ಯಕ್ಕೂ ಹೋಗಬಹುದು, ಬಿ.ಎಡ್. ಕೂಡ ಮಾಡಬಹುದು. ಖಚಿತವಿದ್ದವರಿಗೆ ಮಾತ್ರ ಇದು ತೆಳುವಾಗುತ್ತದೆ, ಮುಂದೆ ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ ಸೈಕಾಲಜಿಯಲ್ಲಿ ಇಂತಿಷ್ಟು ಪತ್ರಿಕೆ ಓದಿರಬೇಕು ಎಂಬ ಷರತ್ತು ಎದುರಾಗುವುದೂ ಉಂಟು. ನಾನು ಓದಿದ್ದು ಈ ಮೂರು ವಿಷಯದ ಪದವಿಯನ್ನೇ. ಸ್ಟ್ಯಾಟಿಸ್ಟಿಕ್ಸ್ ಎಂಬುದನ್ನು ನಿಜವಾಗಿ ಕಲಿತದ್ದು ಎಂ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ, ಅದೂ ಕೇರಳದ ಬಿ.ಎಸ್ಸಿ. ಮುಗಿಸಿ ಬಂದಿದ್ದ ಸಹಪಾಠಿಯೊಬ್ಬಳು ಹಾಸ್ಟೆಲಿನಲ್ಲಿ ರಾತ್ರಿ ಹೇಳಿಕೊಟ್ಟದ್ದರಿಂದ.

ಭಾಷೆಯ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಗಣಿತಕ್ಕೋ ರಸಾಯನಶಾಸ್ತ್ರಕ್ಕೋ ಇಲ್ಲದ ಸಂಬಂಧವೊಂದು ಭಾಷೆಗೂ ಸೈಕಾಲಜಿಗೂ ಇದೆ. ಪೈವಳಿಕೆಯ ಕಡೆಯ ಒಂದು ಶಾಲೆಯಲ್ಲಿ, ನಾನು ತರಬೇತಿಯಲ್ಲಿದ್ದಾಗ, ಓದಿನಲ್ಲಿ ಹಿಂದುಳಿದಿದ್ದಾನೆಂದು ಕಳುಹಿಸಿದ ಎರಡನೆಯ ತರಗತಿಯ ಹುಡುಗನೊಬ್ಬನಿಗೆ ಬುದ್ಧಿಶಕ್ತಿಯ ಪರೀಕ್ಷೆ ನಡೆಸುತ್ತಿದ್ದೆ. ಕೈಯಲ್ಲಿದ್ದ ಪ್ರಶ್ನೆಗಳು ಮಲಯಾಳದಲ್ಲಿದ್ದವು, ಹುಡುಗನ ಮನೆಮಾತು ತುಳು, ಶಾಲೆಯ ಮಾತು ಕನ್ನಡ. ನಾಲ್ಕು ಪದಗಳ ಅರ್ಥ ಕೇಳಿದೆ, ನಾಲ್ಕಕ್ಕೂ ತಲೆ ತಗ್ಗಿಸಿ ಕೂತ. ತಡೆಯಲಾರದೆ ಅವನ್ನೇ ತುಳುವಿನಲ್ಲಿ ಕೇಳಿದಾಗ ಮೂರಕ್ಕೆ ಪಟಪಟನೆ ಉತ್ತರ ಹೇಳಿ ನಾಲ್ಕನೆಯದಕ್ಕೆ ನಕ್ಕ. ಪರೀಕ್ಷೆಯ ನಿಯಮದಂತೆ ಸೂಚನೆಯ ಮಾತನ್ನು ನಾನಾಗಿ ಬದಲಿಸಿದ ಮೇಲೆ ಆ ಅಂಕಗಳು ಲೆಕ್ಕಕ್ಕಿಲ್ಲ. ಮೇಲ್ವಿಚಾರಕರಿಂದ ಬೈಗುಳವೂ ಸಿಕ್ಕಿತು, ಅದು ನ್ಯಾಯವೇ ಆಗಿತ್ತು. ಮಾತಿಲ್ಲದೆ ನಡೆಸಬಹುದಾದ ಸೆಗ್ವಿನ್ ಫಾರ್ಮ್ ಬೋರ್ಡನ್ನು ನಾನು ಮೊದಲೇ ತೆಗೆದುಕೊಳ್ಳಬೇಕಿತ್ತು: ನಕ್ಷತ್ರ, ವೃತ್ತ, ಶಿಲುಬೆ ಮೊದಲಾದ ಹತ್ತು ಮರದ ತುಂಡುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸಲು ಹೇಳಿ, ಮೂರು ಸಲ ಮಾಡಿಸಿ ಕಾಲವನ್ನು ಅಳೆಯುವ ಸರಳ ಹಲಗೆ ಅದು. ಮರುದಿನ ಅದನ್ನು ಮುಂದಿಟ್ಟಾಗ ಹುಡುಗ ತನ್ನ ವಯಸ್ಸಿನವರಷ್ಟೇ ಬೇಗ ಮುಗಿಸಿದ.

ಬುದ್ಧಿಶಕ್ತಿ ಅಳೆಯುವ ಪರೀಕ್ಷೆಗಳ ವಿಷಯದಲ್ಲಿ ಗಡಿನಾಡಿನ ಕನ್ನಡಿಗರಿಗೆ ಒಂದು ಅದೃಷ್ಟವಿದೆ. ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದ್ದರಿಂದ, ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ದೇಶದ ಅನೇಕ ಕಡೆ ಬಳಕೆಯಲ್ಲಿರುವ ಸಾಧನದ ಹುಟ್ಟೇ ನಮ್ಮ ಭಾಷೆಯಲ್ಲಿ ಆಗಿದೆ. ಇದನ್ನು ಕನ್ನಡ ಬಲ್ಲ ಮೇಲ್ವಿಚಾರಕರ ಕೈಕೆಳಗೆ ಕಲಿಯುವ ಅವಕಾಶ ಮಂಗಳೂರು, ಮೈಸೂರು, ಬೆಂಗಳೂರುಗಳಲ್ಲಿ ಹೆಚ್ಚು. ಆದರೆ ಕಾಸರಗೋಡಿನಲ್ಲೇ ಕೆಲಸ ಮಾಡುವ ಇಚ್ಛೆ ಇರುವವರು ಮಲಯಾಳವನ್ನು ಓದಿ ಬರೆಯಲು ಕಲಿಯದೆ ಗತ್ಯಂತರವಿಲ್ಲ, ಇಲಾಖೆಯ ವರದಿ, ಸುತ್ತೋಲೆಗಳೆಲ್ಲ ಆ ಭಾಷೆಯಲ್ಲಿ ಬರುತ್ತವೆ. ಕನ್ನಡ ಮಾಧ್ಯಮದ ಮಗುವಿಗೆ ನಾಲ್ಕು ವರ್ಷ ಕಣ್ಣೂರಿನ ಕಡೆ ಹಾಸ್ಟೆಲಿನಲ್ಲಿದ್ದರೆ ಈ ಕಲಿಕೆ ತಾನಾಗಿ ಆಗಿಬಿಡುತ್ತದೆ. ಕಣ್ಣೂರಿನ ಪರವಾಗಿ ನಾನು ಹೇಳುವ ಅತಿ ದೊಡ್ಡ ಮಾತು ಇದೇ. ತರಗತಿಯ ಪಾಠ ಎರಡೂ ಕಡೆ ಇಂಗ್ಲಿಷಿನಲ್ಲೇ ಆಗುವುದರಿಂದ, ಮೊದಲ ವರ್ಷದ ಕಷ್ಟ ಎಲ್ಲಿ ಸೇರಿದರೂ ತಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೆಲಸವಿದೆಯೇ ಎಂದು ಕೇಳುವವರಿಗೆ ಎಣ್ಮಕಜೆ ಪಂಚಾಯತಿನ ದಾರಿಯನ್ನು ತೋರಿಸಬಹುದು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಪರಿಣಾಮವನ್ನು ಇಂದಿಗೂ ಹೊತ್ತಿರುವ ಕುಟುಂಬಗಳು ಇಲ್ಲಿವೆ, ಬೌದ್ಧಿಕ ತೊಂದರೆಯಿರುವ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿವೆ. ಅಲ್ಲಿನ ತಾಯಂದಿರೊಡನೆ ತುಳುವಿನಲ್ಲೋ ಕನ್ನಡದಲ್ಲೋ ಕೂತು ಮಾತನಾಡಬಲ್ಲ ತರಬೇತಿ ಪಡೆದವರ ಕೊರತೆಯನ್ನು ನಾನು ದಿನನಿತ್ಯ ಕಾಣುತ್ತೇನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕೇರಳವೂ ಸೇರಿತ್ತು. ಮಾನಸಿಕ ತೊಂದರೆಯಿರುವವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇಕಡ 70ರಿಂದ 92ರವರೆಗೆ ಇದೆಯೆಂದು ಅದು ತೋರಿಸಿತು. ಹುದ್ದೆಗಳ ಸಂಖ್ಯೆ ಈ ಅಗತ್ಯಕ್ಕೆ ತಕ್ಕಷ್ಟಿಲ್ಲ ಎಂಬುದೂ ಅಷ್ಟೇ ನಿಜ. ಶಾಲಾ ಕೌನ್ಸಿಲರ್ ಕೆಲಸಕ್ಕೆ ಸೈಕಾಲಜಿಯಲ್ಲಿ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಹೆಚ್ಚಿನವು ಗುತ್ತಿಗೆಯ ಹುದ್ದೆಗಳು.

ಮನೆಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಓದುವ ದಾರಿ ಈಗ ಮುಚ್ಚಿದೆ. 2021ರ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಸೈಕಾಲಜಿಯೂ ಬರುವುದರಿಂದ, 2025ರ ಜುಲೈ-ಆಗಸ್ಟ್ ಸಾಲಿನಿಂದ ಅದನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ತಿಳಿಸಿದೆ. ಪೇಟೆಯ ಟ್ಯುಟೋರಿಯಲ್ಲುಗಳಲ್ಲಿ ಇನ್ನೂ ಹಳೆಯ ಬೋರ್ಡು ತೂಗುಹಾಕಿಕೊಂಡು ಸೀಟು ಕೊಡಿಸುತ್ತೇವೆನ್ನುವವರಿಗೆ ಮುಂಗಡ ಹಣ ಕೊಡಬಾರದು. ಬೀಡಿ ಕಟ್ಟುತ್ತಲೋ ಅಂಗಡಿಯಲ್ಲಿ ಕೂರುತ್ತಲೋ ಓದುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಈ ನಿರ್ಧಾರದಿಂದ ಪೆಟ್ಟು ಬಿದ್ದಿದೆ, ಅದರ ಬಗ್ಗೆ ನನಗೆ ಬೇಸರವಿದೆ. ಆದರೆ ಪ್ರಾಕ್ಟಿಕಲ್ ಇಲ್ಲದ ಸೈಕಾಲಜಿಯಿಂದ ಏನು ಬರುತ್ತದೆಂಬುದನ್ನೂ ಬಲ್ಲೆನಾದ್ದರಿಂದ ಪೂರ್ತಿ ವಿರೋಧಿಸಲಾರೆ.

ಬೆಂಗಳೂರು, ಮಣಿಪಾಲದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಬಹಳ ಹೆಚ್ಚು. ಮುಂದಿನ ಮೂರು ನಾಲ್ಕು ವರ್ಷದ ಓದಿಗೂ ಹಣ ಬೇಕೆಂಬುದನ್ನು ಮರೆತು ಪದವಿಗೇ ಸಾಲ ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಡೆಲ್ಲಿಗೆ ಹೋಗುವ ಧೈರ್ಯವಿದ್ದವರು ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬರೆಯಲಿ. ಎಂ.ಎಸ್ಸಿ.ಯ ಹೊತ್ತಿಗೆ ಪುದುಚೇರಿ ಕೇಂದ್ರೀಯ ವಿಶ್ವವಿದ್ಯಾಲಯದ ಅಪ್ಲೈಡ್ ಸೈಕಾಲಜಿ ವಿಭಾಗವೂ ಕೈಗೆಟಕುವ ಶುಲ್ಕದಲ್ಲಿದೆ.

ನಾಲ್ಕು ವರ್ಷದಲ್ಲಿ ನೋಂದಣಿಯಾಗಿ ಸಂಬಳ ತರಲೇಬೇಕಾದ ಮನೆಯವರು, ಮಗು ವಿಜ್ಞಾನ ಓದಿದ್ದರೆ, ಸೈಕಾಲಜಿಯ ಪಕ್ಕದಲ್ಲೇ ಇರುವ ಬಿಎಎಸ್ಎಲ್‌ಪಿಯನ್ನು ನೋಡಬೇಕು. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಸಂಬಂಧಿಸಿದ, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿದಂತೆ ನಾಲ್ಕು ವರ್ಷದ ಪದವಿ ಅದು. ಪದವಿಯಿಂದಲೇ ಆರ್‌ಸಿಐ ನೋಂದಣಿ ಸಿಗುತ್ತದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಕೊಡುತ್ತದೆ, ಕನ್ನಡ ಬಲ್ಲವರಿಗೆ ಅಲ್ಲಿಯ ಕಲಿಕೆಯೆಲ್ಲ ಮರುದಿನವೇ ಉಪಯೋಗಕ್ಕೆ ಬರುವಂಥದ್ದು. ಸಮಾಜಕಾರ್ಯದ ಪದವಿಯಾದ ಬಿ.ಎಸ್.ಡಬ್ಲ್ಯೂ. ಮಾಡಿ ಎಂ.ಎಸ್.ಡಬ್ಲ್ಯೂ.ಗೆ ಹೋಗುವುದೂ ಮರ್ಯಾದೆಯ ದಾರಿಯೇ.

ಕಾಲೇಜನ್ನು ಅಂತಿಮಗೊಳಿಸುವ ಮುನ್ನ ಒಮ್ಮೆ ಖುದ್ದಾಗಿ ಹೋಗಿ ವಿಭಾಗದ ಪ್ರಯೋಗಶಾಲೆಯನ್ನು ತೋರಿಸಲು ಕೇಳಿ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಮಿರರ್ ಡ್ರಾಯಿಂಗ್ ಉಪಕರಣ, ಒಂದೇ ಉದ್ದದ ಗೆರೆಗಳು ಬೇರೆಬೇರೆಯಾಗಿ ಕಾಣುವ ಮ್ಯೂಲರ್-ಲಯರ್ ಭ್ರಮೆಯ ಹಲಗೆ, ಬುದ್ಧಿಶಕ್ತಿ ಅಳೆಯುವ ರೇವನ್ನರ ಚಿತ್ರಮಾಲೆ ಮತ್ತು ಭಾಟಿಯಾ ಬ್ಯಾಟರಿ ಇಷ್ಟಾದರೂ ಇರಬೇಕು. ಇದ್ದರೆ ಸಾಲದು, ಸವೆದಿರಬೇಕು. ಕನ್ನಡಿಯ ಚೌಕಟ್ಟು ಹೊಳೆಯುತ್ತ, ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆ ಹರಿಯದೆ ಇದ್ದರೆ ಅದನ್ನು ಯಾರೂ ಮುಟ್ಟಿಲ್ಲವೆಂದು ತಿಳಿಯಿರಿ. ಹಿಂದಿನ ವರ್ಷದ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಲ್ಲಿ ಎರಡನ್ನು ಕೇಳಿ ಪಡೆದು ಅಕ್ಕಪಕ್ಕ ಇಟ್ಟುನೋಡಿ. ಇಬ್ಬರ ಅಂಕಿಗಳೂ ಅಚ್ಚು ಹೊಡೆದಂತೆ ಒಂದೇ ಇದ್ದರೆ ಅಲ್ಲಿ ಪ್ರಯೋಗ ನಡೆದಿಲ್ಲ, ನಕಲು ನಡೆದಿದೆ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅವರಲ್ಲಿ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ದುಡಿದ ಅನುಭವ ಯಾರಿಗಿದೆ, ಇಂಟರ್ನ್‌ಶಿಪ್‌ಗೆ ಕಳೆದ ವರ್ಷ ಯಾವ ಸಂಸ್ಥೆಗೆ ಕಳುಹಿಸಿದರು, ಎರಡನೆಯ ಭಾಷೆಯಾಗಿ ಕನ್ನಡ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಕ್ಯಾಂಟೀನಿನಲ್ಲಿ ಕೂತ ಎರಡನೆಯ ವರ್ಷದ ಮಕ್ಕಳಲ್ಲಿ ಕೇಳಿದರೆ ನೇರ ಉತ್ತರ ದೊರಕುತ್ತದೆ.

ಕೊನೆಯದಾಗಿ ಕಾಗದಪತ್ರಗಳು. ಕೇರಳ ಬೋರ್ಡಿನ ಪ್ಲಸ್ ಟು ಮುಗಿಸಿ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುವವರು ಎಲಿಜಿಬಿಲಿಟಿ ಸರ್ಟಿಫಿಕೇಟ್ ಮತ್ತು ಮೈಗ್ರೇಶನ್ ಸರ್ಟಿಫಿಕೇಟಿನ ವ್ಯವಸ್ಥೆಯನ್ನು ಪ್ರವೇಶದ ವಾರದಲ್ಲೇ ಮಾಡಿಕೊಳ್ಳಬೇಕು. ಅಲ್ಲಿ ಪದವಿ ಮುಗಿಸಿ ಎಂ.ಎಸ್ಸಿ.ಗೋ ಸರ್ಕಾರಿ ಹುದ್ದೆಗೋ ಕೇರಳಕ್ಕೆ ಮರಳುವವರಿಗೆ ಆ ಪದವಿ ಇಲ್ಲಿನದಕ್ಕೆ ಸಮಾನವೆಂದು ಹೇಳುವ ಈಕ್ವಿವಲೆನ್ಸಿ ಸರ್ಟಿಫಿಕೇಟ್ ಬೇಕಾಗುತ್ತದೆ. ಅದಕ್ಕೆ ಆರೂ ಸೆಮಿಸ್ಟರಿನ ಅಂಕಪಟ್ಟಿಯ ಜೊತೆಗೆ ವಿಶ್ವವಿದ್ಯಾಲಯ ದೃಢೀಕರಿಸಿದ ಸಿಲಬಸ್ಸಿನ ಪ್ರತಿಯನ್ನೂ ಕೇಳುವುದುಂಟು. ಪಠ್ಯಕ್ರಮ ಬದಲಾದ ಮೇಲೆ ಹಳೆಯ ಸಿಲಬಸ್ ಹುಡುಕುವುದು ದೊಡ್ಡ ತಲೆನೋವಾದ್ದರಿಂದ, ಓದುತ್ತಿರುವಾಗಲೇ ಪ್ರತಿ ವರ್ಷದ ಸಿಲಬಸ್ಸಿಗೆ ಸೀಲು ಹಾಕಿಸಿ ಅಂಕಪಟ್ಟಿಯ ಫೈಲಿನಲ್ಲಿ ಇಟ್ಟುಕೊಳ್ಳಿ.